ಒದೀಲಳ ಮೂರನೆಯ ಆಟ

ಲಿಮೂಸಾಂ ಸೀಮೆಯ ಆ ಊರಿನಲ್ಲಿ ಹೊಸ ನಟಿ ಮೂರು ಆಟ ಆಡಿ ತೋರಿಸಬೇಕು. ಮೂರನೆಯದು ಮುಗಿದ ಮೇಲೆ ಪ್ರೇಕ್ಷಕರೇ ತೀರ್ಪು ಕೊಡುತ್ತಾರೆ. ಚಪ್ಪಾಳೆ ಹೆಚ್ಚಾದರೆ ಒಂಬತ್ತು ತಿಂಗಳ ಕೆಲಸ; ಸಿಳ್ಳೆ ಹೆಚ್ಚಾದರೆ ಮರುದಿನದ ಬಂಡಿ. ಒದೀಲ್ ವೊಕ್ಲಾನಳಿಗೆ ಆಗ ನಲವತ್ತಮೂರು. ಪ್ಯಾರಿಸ್ಸಿನಲ್ಲಿ ಇಪ್ಪತ್ತು ವರ್ಷ ರಾಣಿಯಾಗಿ, ಆಮೇಲೆ ರಾಣಿಯ ತಾಯಿಯಾಗಿ, ಕೊನೆಗೆ ದಾದಿಯಾಗಿ ಆಡಿದವಳು. ಇಲ್ಲಿಯೂ ಬೇಡವೆಂದರೆ ಅವಳನ್ನು ಕರೆಯುವ ರಂಗ ಬೇರೆ ಇರಲಿಲ್ಲ.

ಮೊದಲ ಆಟಕ್ಕೆ ಚಪ್ಪಾಳೆ ಬಿತ್ತು. ಎರಡನೆಯದರಲ್ಲಿ ರೈತನ ಹೆಂಡತಿಯ ಪಾತ್ರ. ಊಟದ ದೃಶ್ಯದಲ್ಲಿ ಅವಳಿನ್ನೂ ಬಾಯಿ ತೆರೆದಿರಲಿಲ್ಲ, ಮೇಲಿನ ಅಗ್ಗದ ಸಾಲುಗಳಿಂದ ಸಿಳ್ಳೆ ಹೊರಟಿತು. ಅವಳಿಗೆ ಅವಮಾನಕ್ಕಿಂತ ಕುತೂಹಲವೇ ಹೆಚ್ಚಾಯಿತು. ಮಾತೇ ಆಡದವಳು ಏನು ತಪ್ಪು ಮಾಡಿರಬಹುದು?

ಮೂರನೆಯ ಸಲವೂ ಅದೇ ನಾಟಕ. ಆ ಮಧ್ಯಾಹ್ನ, ಉಡುಪು ತೊಡಿಸುವ ಫಿಲಿಬೆರ್ತಳನ್ನು ಒದೀಲ್ ಹಿಡಿದು ಕೂರಿಸಿದಳು. ಫಿಲಿಬೆರ್ತ್ ಆ ಊರಿನವಳೇ.

"ಹೇಳೇ, ಯಾಕೆ ಸಿಳ್ಳೆ ಹೊಡೆದ್ರು?"

"ಬೇಜಾರು ಮಾಡ್ಕೋಬಾರ್ದು ಅಮ್ಮಾವ್ರೇ. ನಾನೂ ಹೊಡೀತಿದ್ದೆ. ಬಾಯಲ್ಲಿ ಗುಂಡುಸೂಜಿ ಇತ್ತು, ಬಿಟ್ಟೆ."

"ಅಯ್ಯೋ ನಿನ್ನ!"

"ಆ ದಪ್ಪ ರೊಟ್ಟೀನ ಬೋರಲು ಇಟ್ರಿ. ನಮ್ಮಲ್ಲಿ ಅಪರಾಧಿಗಳ ತಲೆ ಕಡಿಯೋನಿಗೆ ಎತ್ತಿಡೋ ರೊಟ್ಟೀನ ಹಾಗಿಡೋದು, ಅಪಶಕುನ. ಅಡೀಲಿ ಚಾಕು ತುದೀಲಿ ಶಿಲುಬೆ ಗೀರ್ಲೂ ಇಲ್ಲ, ಕುಯ್ದೇಬಿಟ್ರಿ. ಯಾವ ಹೊಲದ ಹೆಂಗ್ಸು ಹಾಗ್ ಮಾಡ್ತಾಳೆ?"

ನಗಲು ಹೋದ ಒದೀಲಳಿಗೆ ತಾನು ಹುಟ್ಟಿದ ಹಳ್ಳಿಯ ಅಡುಗೆಮನೆ ನೆನಪಾಯಿತು. ಅವಳ ತಾಯಿ ಶಿಲುಬೆ ಗೀರದೆ ಒಂದು ತುಂಡನ್ನೂ ಕೊಟ್ಟವಳಲ್ಲ. ಪ್ಯಾರಿಸ್ಸಿನ ಗುರು ಮೊದಲ ವರ್ಷವೇ ಅವಳ ಹಳ್ಳಿ ಮಾತು, ಹಳ್ಳಿ ನಡಿಗೆ ಬಿಡಿಸಿದ್ದ. ಅವುಗಳ ಜೊತೆ ಇದೂ ಹೋಗಿತ್ತು. ಹೋದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಅಂದಿನ ಆಟದಲ್ಲಿ ಅವಳು ದಪ್ಪ ದುಂಡು ರೊಟ್ಟಿಯನ್ನು ಕೈಯಲ್ಲೇ ಮಗುಚಿ, ಅದರ ಅಡಿಯಲ್ಲಿ ನಿಧಾನವಾಗಿ ಶಿಲುಬೆ ಗೀರಿದಳು. ಅವಳು ಮಾತು ಮರೆತಳೆಂದುಕೊಂಡು, ಅದನ್ನು ಎತ್ತಿಕೊಡುವವನು ರಂಗದಂಚಿನ ತನ್ನ ಗೂಡಿನಿಂದ ಎರಡು ಸಲ ಪಿಸುಗುಟ್ಟಿದ. ಅವಳು ಅವಸರ ಮಾಡಲಿಲ್ಲ. ರೊಟ್ಟಿಯನ್ನು ಎದೆಗೊತ್ತಿಕೊಂಡು ಚಾಕುವನ್ನು ತನ್ನತ್ತ ಎಳೆದಳು. ಮೇಲಿನ ಸಾಲಿನಲ್ಲಿ ಒಂದು ಕೆಮ್ಮೂ ಕೇಳಲಿಲ್ಲ.

ಆಟ ಮುಗಿಯಿತು. ಊರಿನ ಅಧಿಕಾರಿ ಎದ್ದು ನಿಂತು, ಇವಳು ಬೇಕೋ ಬೇಡವೋ ಎಂದು ಕೇಳಿದ. ಮೇಲಿನಿಂದ ಒಂದೇ ಒಂದು ಸಿಳ್ಳೆ.

"ಮುಚ್ಚೋ ಬಾಯಿ! ನಿನ್ನ ಹೆಂಡ್ತಿಗಿಂತ ನೆಟ್ಟಗೆ ಕುಯ್ದಿದಾಳೆ!" ಹೆಂಗಸೊಬ್ಬಳು ಕೂಗಿದಳು.

ನಗು ಎದ್ದಿತು, ಅದರ ಬೆನ್ನಿಗೇ ಚಪ್ಪಾಳೆ. ಅಧಿಕಾರಿ ಒಪ್ಪಿಗೆಯೆಂದು ತಲೆಯಾಡಿಸಿದ.

ಪರದೆಯ ಹಿಂದೆ ಒದೀಲ್ ಕೇಳಿದಳು, "ಇನ್ನೂ ಏನೇನು ಮರೆತಿದೀನೋ, ಹೇಳೇ."

"ಒಂಬತ್ತು ತಿಂಗಳಿದೆಯಲ್ಲ ಅಮ್ಮಾವ್ರೇ. ಈಗ ಕೈ ಎತ್ತಿ, ಗುಂಡಿ ಬಿಚ್ತೀನಿ."