ಗುಡುಗಿನ ಎಡಗೈ

ಎಪ್ಪತ್ತು ದಾಟಿದ ಮೂವರು ಮುದುಕರು ಹೊಸ ರಾಕ್ ಆಲ್ಬಮ್ ಮಾಡ್ತೀವಿ ಅಂದರೆ ಜನ ನಗದೆ ಇರ್ತಾರಾ? ನಕ್ಕರು. ನಗಲಿ ಬಿಡಿ, ಹಲ್ಲು ಅವರವು. ಆದರೆ ಡ್ರಮ್ಸ್ ಬಾರಿಸುವ, ಎಲ್ಲರೂ 'ಗುಡುಗು' ಅಂತ ಕರೆಯುವ ಮುದುಕನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಹೋದ ವರ್ಷ ಲಕ್ವ ಹೊಡೆದ ಮೇಲೆ ಅವನ ಎಡಗೈ ಮನಸ್ಸು ಬಂದಾಗಷ್ಟೇ ಮಾತು ಕೇಳುತ್ತಿತ್ತು. ಆಲ್ಬಮ್‌ನ ಕೊನೆಯ ಉದ್ದದ ಹಾಡನ್ನು ಇವತ್ತು ಅವನು ಬಾರಿಸಿ ಮುಗಿಸಬೇಕು, ಇಲ್ಲದಿದ್ದರೆ ಅವನ ಜಾಗದಲ್ಲಿ ಯಂತ್ರ ತಾಳ ಹಾಕುತ್ತದೆ. ಹಾಗಂತ ಮಾತು ಕೊಟ್ಟವನೂ ಅವನೇ.

ಈ ತಂಡದ್ದು ಒಂದು ಹುಚ್ಚು ಹಟ. ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಇಡೀ ಹಾಡನ್ನು ಒಂದೇ ಓಟಕ್ಕೆ ನುಡಿಸಬೇಕು, ತುಂಡು ಜೋಡಿಸೋ ಮಾತೇ ಇಲ್ಲ. ಗಿಟಾರಿಗೆ ಗುಡುಗಿನ ಭಾವ, ಕೀಬೋರ್ಡಿಗೆ ಮೇಷ್ಟ್ರು. ಗಾಜಿನಾಚೆ ಕೂತು ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದ, ಭಾವನ ಮಗಳು ಮೈಕಿನಲ್ಲಿ, "ಮಾವ, ಕೈ ನೋವಾದ್ರೆ ನಿಲ್ಸಿಬಿಡಿ" ಅಂದಳು.

"ನೋಯೋದು ಕೈ ತಾನೇ, ನೀನು ಶುರು ಮಾಡಮ್ಮ" ಅಂದ ಗುಡುಗು.

ಅರ್ಧ ಹಾಡು ಚೆನ್ನಾಗೇ ಸಾಗಿತು. ಎಂಟು ಪೆಟ್ಟಿನ ತಾಳ, ಎಂಟನೆಯದು ಎಡಗೈಯದು. ಆಮೇಲೆ ಆ ಕೈ ಕೈಕೊಟ್ಟಿತು. ಎಂಟನೇ ಪೆಟ್ಟು ಬೀಳಲೇ ಇಲ್ಲ. ಮುಂದಿನ ಸುತ್ತಿನಲ್ಲೂ ಇಲ್ಲ. ಮುಗೀತು ನನ್ನ ಕಥೆ ಅಂದುಕೊಂಡ ಗುಡುಗು.

ಅಷ್ಟರಲ್ಲಿ ಕೀಬೋರ್ಡ್ ಮೇಷ್ಟ್ರು ಎಂಟನೇ ಸ್ವರ ಬಿಟ್ಟು ನೇರ ಮುಂದಿನ ಸುತ್ತಿನ ಒಂದಕ್ಕೆ ಹಾರಿದರು. ಗಿಟಾರ್ ಹಿಡಿದ ಭಾವನೂ ಹಿಂದೆಯೇ ಹಾರಿದ. ಯಾರೂ ಯಾರ ಮುಖ ನೋಡಲಿಲ್ಲ. ಎಂಟರ ಹಾಡು ಏಳರಲ್ಲಿ ಓಡತೊಡಗಿತು, ಮೆಟ್ಟಿಲು ಹಾರಿ ಇಳಿಯುವ ಮಗುವಿನ ಹಾಗೆ. ಇನ್ನೇನು ಬಿತ್ತು ಅನ್ನಬೇಕು, ಬೀಳುತ್ತಲೇ ಇರಲಿಲ್ಲ! ಗುಡುಗು ಹಲ್ಲು ಕಚ್ಚಿ ಬಲಗೈಯಲ್ಲೇ ಕೊನೆ ಮುಟ್ಟಿಸಿದ.

ಮುಟ್ಟಿಸಿದವನೇ ಕೋಲು ಎಸೆದ. "ನನ್ನ ಮೇಲೆ ಕನಿಕರ ತೋರಿಸ್ತೀರೇನ್ರೋ? ಹಾಡು ಕೆಡಿಸಿಬಿಟ್ರಲ್ಲ!"

"ಕನಿಕರನಾ? ಅಯ್ಯೋ ನಿನ್ನ!" ಭಾವ ಎದ್ದೇಬಿಟ್ಟ. "ನನ್ನ ಮದುವೆಗೆ ಮುಂಚಿಂದ ನಿನ್ನ ಎಡಗೈ ಗಲಾಟೆಯಲ್ಲಿ ನನ್ನ ಗಿಟಾರ್ ಯಾರ ಕಿವಿಗೂ ಬಿದ್ದಿರಲಿಲ್ಲ ಕಣಯ್ಯ. ಇವತ್ತು ನನಗೇ ಕೇಳಿಸ್ತು!"

ಮೇಷ್ಟ್ರು ಕನ್ನಡಕ ಒರೆಸುತ್ತಾ, "ಹಾಡು ಕೆಟ್ಟಿಲ್ಲ ಮಾರಾಯ. ಮೊದಲರ್ಧ ಕೆಟ್ಟಿದೆ. ಅದು ಇನ್ನೂ ಎಂಟರಲ್ಲೇ ಇದೆ" ಅಂದರು.

ಗುಡುಗಿಗೆ ಅಳು ಬಂತು, ಬರಲಿ ಅಂತ ಬಿಟ್ಟ. ಆಮೇಲೆ ಬಗ್ಗಿ ಕೋಲು ಎತ್ತಿಕೊಂಡು, "ಇನ್ನೊಂದು ಸಲ. ಮೊದಲಿಂದಲೇ ಏಳರ ತಾಳ" ಅಂದ.

ಆ ಸಲ ಅವನು ಎಡಗೈಯನ್ನು ತೊಡೆಯ ಮೇಲೆ ಮಲಗಿಸಿದ. ಬಲಗೈಯೂ ಎರಡು ಕಾಲೂ ಸಾಕಾದವು. ಸಾಕಾಗೋದೇನು, ಮಿಕ್ಕಿದವು! ಮೇಷ್ಟ್ರು ಕೂತಲ್ಲೇ ಕುಣಿದರು, ಭಾವ ಹುಡುಗರ ಹಾಗೆ ಕೂಗಿದ, ಕೊನೆಯ ಪೆಟ್ಟಿಗೆ ಗಾಜು ಝಲ್ಲೆಂದಿತು. ಮೂವರೂ ಏದುಸಿರು ಬಿಡುತ್ತಾ ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತರು.

ಭಾವನ ಮಗಳು ಕಣ್ಣೊರೆಸಿಕೊಳ್ಳುತ್ತಾ ಒಳಗೆ ಬಂದಳು. "ಮಾವ, ಆ ಯಂತ್ರಾನ ವಾಪಸ್ ಕಳಿಸಿಬಿಡ್ಲಾ?"

"ಯಾಕಮ್ಮ, ಪಾಪ" ಅಂದ ಗುಡುಗು. "ಇಲ್ಲೇ ಕೂತ್ಕೊಂಡು ಕಲೀಲಿ."