ಗೋಡೆ ಹೊತ್ತ ಉಪ್ಪಿನ ಬಾನಿ

ನಾನು ಕಲ್ಲುಬಾನಿ. ಗುಡ್ಡದ ಒಡಲಲ್ಲಿ ಎಷ್ಟು ಕಾಲ ಮಲಗಿದ್ದೆನೋ ಗೊತ್ತಿಲ್ಲ. ಹುಟ್ಟಿದ್ದು ಮಾತ್ರ ಏಟು ತಿಂದೇ. ಕಲ್ಲುಕುಟಿಗ ದುರಗಪ್ಪ ಉಳಿ ಹಿಡಿದು ನನ್ನ ಹೊಟ್ಟೆ ಕೊರೆಯುತ್ತಾ, "ದನ ನೀರು ಕುಡ್ಯಾಕ ಛಲೋ ಆಕ್ಕೈತಿ" ಎಂದಿದ್ದ. ಆದರೆ ನನ್ನ ಹಣೆಯಲ್ಲಿ ನೀರು ಬರೆದಿರಲಿಲ್ಲ. ಅಂಗಡಿಕಾರ ಭರಮಪ್ಪ ನನ್ನನ್ನು ಬಂಡಿಗೆ ಹೇರಿಸಿಕೊಂಡು ಹೋದ. ತನ್ನ ಅಂಗಡಿಯ ಅಗಲವಾದ ಹಲಗೆ ಬಾಗಿಲಲ್ಲಿ, ನಟ್ಟನಡುವೆ, ನನ್ನ ದುಂಡು ತಳವನ್ನು ನೆಲದಲ್ಲಿ ಹೂಳಿ ಕೂರಿಸಿದ. ಘಟ್ಟದ ಕೆಳಗಿನಿಂದ ಬಂದ ಹರಳುಪ್ಪನ್ನು ಕಂಠಮಟ್ಟ ತುಂಬಿದ.

ಬಾಗಿಲಲ್ಲೇ ಕೂರಿಸಿದ್ದಕ್ಕೆ ಕಾರಣವಿತ್ತು. ಆ ಸೀಮೆಯಲ್ಲಿ ಉಪ್ಪನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಜಗಳ ಹತ್ತುತ್ತದೆ ಎಂಬ ನಂಬಿಕೆ. ಬೇಕಾದವರು ತಾವೇ ಬಗ್ಗಿ ತೆಂಗಿನ ಚಿಪ್ಪಿನಿಂದ ತೋಡಿಕೊಳ್ಳಬೇಕು. ದೀಪ ಹಚ್ಚಿದ ಮೇಲೆ ಬಂದರೆ ಇಲ್ಲ. ಊರಗೌಡನೂ ಅವನ ಆಳೂ ನನ್ನ ಮುಂದೆ ಒಂದೇ ಸಮ ಸೊಂಟ ಬಗ್ಗಿಸಿದವರು. ಹೀಗೆ ಭರಮಪ್ಪನ ಮನೆತನಕ್ಕೆ 'ಉಪ್ಪಿನವರು' ಎಂದೇ ಹೆಸರು ನಿಂತಿತು. ಆ ಹೆಸರು ನನ್ನಿಂದ ಬಂದದ್ದು. ನನ್ನ ಸೊಂಟ ಮುರಿದದ್ದೂ ಅದೇ.

ಭರಮಪ್ಪನಿಗೆ ಮೂವರು ಮಕ್ಕಳು. ಹಿರಿಯವ ಅಂದಾನಪ್ಪ, ಕಿರಿಯವ ತೋಟಪ್ಪ, ನಡುವೆ ಫಕೀರವ್ವ. ಗಂಡನ ಮನೆಯಲ್ಲಿ ಬಾಳುವೆ ಕೂಡಿಬರದೆ ಅವಳು ತವರಿಗೆ ಬಂದು ನನ್ನ ಪಕ್ಕದ ಹೊಸ್ತಿಲ ಮೇಲೆ ಕೂತವಳು. ನಾಲಿಗೆ ಮೆಣಸಿಗಿಂತ ಖಾರ. ಆದರೆ ಉಪ್ಪಿನ ಗುಣ ಅವಳಿಗೆ ತಿಳಿದಷ್ಟು ಅಪ್ಪನಿಗೂ ತಿಳಿದಿರಲಿಲ್ಲ. ತಂಪು ಗಾಳಿ ಬೀಸಿದರೆ ನನ್ನ ಬಾಯಿಗೆ ಗೋಣಿ ಹೊದಿಸುತ್ತಿದ್ದಳು. ಉಪ್ಪಿನ ಚೀಲವನ್ನು ಯಾರಾದರೂ ಗೋಡೆಗೆ ಒರಗಿಸಿದರೆ ಮುಗಿಯಿತು: "ತಗೀಯಲೇ ಅದನ್ನ! ಉಪ್ಪು ಗ್ವಾಡಿ ತಿಂತೈತಿ, ಗೊತ್ತಿಲ್ಲೇನು ನಿನಗ?"

ಭರಮಪ್ಪ ಮಣ್ಣಿಗೆ ಹೋದ. ಮಣ್ಣು ಆರುವ ಮೊದಲೇ ಗಂಡುಮಕ್ಕಳು ಪಾಲಿಗೆ ನಿಂತರು. ಹೊಲ ಹಂಚಿಕೊಂಡರು, ಎತ್ತು ಹಂಚಿಕೊಂಡರು, ಅಂಗಡಿಯನ್ನೂ ಹಿರಿಯರು ನಡುವೆ ಗೆರೆ ಎಳೆದು ಹಂಚಿದರು. ಗೆರೆ ಸರಿಯಾಗಿ ನನ್ನ ಹೊಟ್ಟೆಯ ಮೇಲೆ ಹಾಯಿತು. ಬಾನಿ ಯಾರ ಕಡೆಯೋ ಅವರೇ ಉಪ್ಪಿನವರು. ಇನ್ನೊಬ್ಬ ಬರೀ ಅಂಗಡಿಕಾರ. ಇಬ್ಬರಿಗೂ ಅದು ಗೊತ್ತಿತ್ತು.

ಗೋಡೆ ಕಟ್ಟಲು ಬಂದ ಗೌಂಡಿ, "ಬಾನಿ ಒಂಚೂರು ಸರಸ್ರಿ ಅಣ್ಣಾರ, ಗ್ವಾಡಿ ನೆಟ್ಟಗ ಬರ್ತೈತಿ" ಎಂದ.

"ಎತ್ತಾಗ ಸರಸ್ತಿ? ಅವನ ಕಡೆ ಬಟ್ಟು ಸರಿದ್ರೂ ನಿನ್ನ ಕೈ ಮುರೀತೀನಿ" ಎಂದ ಅಂದಾನಪ್ಪ.

"ಇವನ ಕಡೆ ಸರಿದ್ರ ಕಾಲು ನಾ ಮುರೀತೀನಿ" ಎಂದ ತೋಟಪ್ಪ.

ಕೈಕಾಲು ಉಳಿಸಿಕೊಳ್ಳಲು ಗೌಂಡಿಗೆ ಒಂದೇ ದಾರಿ ಕಂಡಿತು. ನನ್ನ ಬಾಯಿಗೆ ಅಡ್ಡ ಹಲಗೆ ಇಟ್ಟು, ಅದರ ಮೇಲೇ ಮಣ್ಣಿನ ಗೋಡೆ ಎಬ್ಬಿಸಿದ; ಅರ್ಧ ಬಾಯಿ ಆಚೆ, ಅರ್ಧ ಬಾಯಿ ಈಚೆ ಉಳಿಯಿತು. ಫಕೀರವ್ವ ಓಡಿ ಬಂದಳು.

"ಅಣ್ಣಾ, ಉಪ್ಪಿನ ಮ್ಯಾಲ ಗ್ವಾಡಿ..."

"ನೀ ಬಾಯಿ ಮುಚ್ಚು. ಗಂಡನ ಮನಿ ಉಳಿಸ್ಕೊಳ್ಳಾಕ ಆಗ್ಲಿಲ್ಲ, ನಮ್ಮ ಮನಿಗೆ ಬುದ್ಧಿ ಹೇಳಾಕ ಬಂದಾಳ. ಈ ಮನ್ಯಾಗ ನಿನ್ನ ಪಾಲೇನೈತಿ?"

ತೋಟಪ್ಪ ಹೌದೆನ್ನುವಂತೆ ತಲೆಯಾಡಿಸಿದ. ಅಣ್ಣತಮ್ಮ ಒಂದಾದದ್ದು ಅವಳ ಬಾಯಿ ಮುಚ್ಚಿಸುವುದರಲ್ಲಿ. ಅವಳು ಮುಚ್ಚಿದಳು. ಒಂದು ತಿಂಗಳು ಆಚೆ ಮನೆಯ ಕೂಳು, ಒಂದು ತಿಂಗಳು ಈಚೆ ಮನೆಯ ಕೂಳು ಎಂದು ಅವಳನ್ನೂ ಹಂಚಿದರು. ಕೂರುವುದಕ್ಕೆ ಹೊಸ್ತಿಲು ಮಾತ್ರ ಎಲ್ಲೂ ಉಳಿಯಲಿಲ್ಲ.

ಆಮೇಲಿನ ವರ್ಷಗಳನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ತನ್ನ ಅರ್ಧವೇ ಹೆಚ್ಚು ತುಂಬಿದೆ ಎಂದು ಊರಿಗೆ ಕಾಣಲಿ ಅಂತ ಇಬ್ಬರೂ ಗೋಡೆಗೆ ಒತ್ತಿ ಒತ್ತಿ ಉಪ್ಪು ಸುರಿದರು. ನಾನು ತೋಟಪ್ಪನ ಕಡೆಗೆ ಒಂದು ಬೆರಳು ಇಳಿಜಾರು. ಮಳೆಗಾಲದಲ್ಲಿ ಉಪ್ಪು ನೀರೊಡೆದು, ಹಲಗೆಯ ಕೆಳಗಿನಿಂದ ಅವನ ಕಡೆ ಇಳಿಯುತ್ತಿತ್ತು.

"ಬುಡದಾಗ ಕೈ ತೂರಿಸಿ ಕದಿಯೋ ನಾಯಿ!" ಎಂದು ಅಂದಾನಪ್ಪ ಗೋಡೆಗೆ ಗುದ್ದುತ್ತಿದ್ದ.

"ನಿನ್ನ ಉಪ್ಪು ನನ್ನ ಎಮ್ಮಿ ಸೈತ ಮೂಸಂಗಿಲ್ಲ ಹೋಗು!" ಎಂದು ಆಚೆಯಿಂದ ತೋಟಪ್ಪ.

ಹೆಂಡಿರ ಬೈಗುಳ ಇನ್ನೂ ಖಾರ, ಅದನ್ನು ನಾನು ಹೇಳಲಾರೆ. ನನಗೆ ಬಾಯಿ ಇರುವುದು ತುಂಬಿಸಿಕೊಳ್ಳಲಿಕ್ಕೆ, ನ್ಯಾಯ ಹೇಳಲಿಕ್ಕಲ್ಲ.

ಗೋಡೆಯ ಬುಡದಲ್ಲಿ ಉಪ್ಪು ಬೆಳ್ಳಗೆ ಹೂ ಬಿಡತೊಡಗಿತು. ಮಣ್ಣು ಹಪ್ಪಳದಂತೆ ಎದ್ದಿತು. ಫಕೀರವ್ವ ಒಮ್ಮೆ ಬಂದು ಉಗುರಿನಿಂದ ಒಂದು ಚಕ್ಕೆ ಕಿತ್ತಳು, ಬೆರಳಲ್ಲಿ ಪುಡಿ ಮಾಡಿದಳು, ಊದಿದಳು. ಯಾರಿಗೂ ಏನೂ ಹೇಳಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಗೋಡೆ ಕೂತೇಬಿಟ್ಟಿತು. ಧೂಳು ಇಳಿದಾಗ ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ, ನಡುವೆ ನಾನು. ಎಷ್ಟೋ ವರ್ಷಕ್ಕೆ ಮುಖಕ್ಕೆ ಮುಖ. ಅಂದಾನಪ್ಪನ ತಲೆ ಪೂರಾ ನರೆತಿತ್ತು. ತೋಟಪ್ಪ ಅದನ್ನು ನೋಡಿದ. ತುಟಿ ಅಲುಗಿತು. ಈಗ 'ಅಣ್ಣಾ' ಅಂತಾನೆ ಎಂದುಕೊಂಡೆ.

"ಕೆಡವಿದಿ ಅಲ್ಲಲೇ, ಹಲ್ಕಾ?" ಎಂದ.

ಫಕೀರವ್ವ ನಕ್ಕಳು. ಹಿರಿಯರನ್ನು ಕರೆಸಿ ಸೆರಗು ಬಿಗಿದು ನಿಂತಳು. "ಪಾಲೇನೈತಿ ಅಂತ ಕೇಳಿದ್ರಲ್ಲ, ಕೇಳ್ರಿ. ಈ ಬಾನಿ ನನ್ನ ಪಾಲು. ಕೊಡ್ರಿ, ಇಬ್ಬರ ಮನಿ ಕೂಳೂ ನನಗ ಬ್ಯಾಡ."

ಅಂದಾನಪ್ಪ ತಮ್ಮನ ಮುಖ ನೋಡಿದ, ತೋಟಪ್ಪ ಅಣ್ಣನ ಮುಖ ನೋಡಿದ. ಅವನಿಗೆ ಸಿಗದಿದ್ದರೆ ಸಾಕು ಎಂಬುದು ಇಬ್ಬರ ಕಣ್ಣಲ್ಲೂ ಇತ್ತು. "ಒಯ್ಯಿ" ಎಂದರು.

ನನ್ನನ್ನು ಅಗೆದು ತೆಗೆದು, ಎತ್ತು ಹೂಡಿ ಎಳೆಸಿ, ಊರಬಾವಿಯ ಬೇವಿನ ಕೆಳಗೆ ಹೂಳಿಸಿದಳು. ಮೇಲೊಂದು ಸೋಗೆ ಚಪ್ಪರ. ಊರು ಮತ್ತೆ ನನ್ನ ಮುಂದೆ ಬಗ್ಗಿತು. ಅವಳು 'ಉಪ್ಪಿನ ಫಕೀರವ್ವ' ಆದಳು. ಅಲ್ಲಿ ಎರಡು ಅಂಗಡಿಗಳ ನಡುವೆ ಇಟ್ಟಂಗಿಯ ಹೊಸ ಗೋಡೆ ಎದ್ದಿತು, ಆದರೆ ಯಾವ ಅಂಗಡಿಯನ್ನೂ ಯಾರೂ ಉಪ್ಪಿನವರದು ಎನ್ನಲಿಲ್ಲ. ಅಣ್ಣತಮ್ಮಂದಿರ ಮನೆಯವರು ಅವಳ ಹತ್ತಿರ ಉಪ್ಪು ಒಯ್ಯಲಿಲ್ಲ, ಅವಳೂ ಕರೆಯಲಿಲ್ಲ.

ಅವಳು ಸತ್ತ ದಿನ ಇಬ್ಬರೂ ಒಂದೊಂದು ಚೀಲ ಉಪ್ಪು ಹೊರಿಸಿಕೊಂಡು ಬಂದರು. ಅವರಲ್ಲಿ ಹೂಳುವಾಗ ಕುಣಿಗೆ ಉಪ್ಪು ಹಾಕಬೇಕು. ಯಾರ ಚೀಲ ಮೊದಲು ಎಂದು ಹೆಣದ ಮುಂದೆಯೇ ಕೊರಳಪಟ್ಟಿ ಹಿಡಿದರು. ಊರಿನ ಹೆಂಗಸರು ಇಬ್ಬರನ್ನೂ ತಳ್ಳಿ, ಚಿಪ್ಪಿನಿಂದ ನನ್ನ ತಳದವರೆಗೆ ತೋಡಿ ಒಯ್ದು ಅವಳ ಮೇಲೆ ಹಾಕಿದರು. ನಾನು ಬರಿದಾದೆ. ಮತ್ತೆ ಯಾರೂ ತುಂಬಲಿಲ್ಲ. ಪ್ಯಾಕೆಟ್ಟಿನ ಉಪ್ಪು ಬಂದಿತ್ತು. ಆಡುಗಳು ಬಂದು ನನ್ನನ್ನು ನೆಕ್ಕಿಹೋಗುತ್ತಿದ್ದವು.

ಅಣ್ಣತಮ್ಮಂದಿರೂ ಹೋದರು, ಹಗೆಯನ್ನು ಮೊಮ್ಮಕ್ಕಳಿಗೆ ಬಿಟ್ಟು. ಅಂದಾನಪ್ಪನ ಮೊಮ್ಮಗ ವೀರೇಶ 'ಉಪ್ಪಿನ ಕಿರಾಣಿ ಸ್ಟೋರ್ಸ್' ಎಂದು ಬೋರ್ಡು ಬರೆಸಿದ. ವಾರದೊಳಗೆ ತೋಟಪ್ಪನ ಮೊಮ್ಮಗ ಪ್ರಭು 'ಅಸಲಿ ಉಪ್ಪಿನ ಕಿರಾಣಿ ಸ್ಟೋರ್ಸ್' ಎಂದು ಬರೆಸಿದ. "ಅಸಲಿ ಅಂದ್ರ ಬಾನಿ ತೋರಸ್ರಪಾ" ಎಂದು ಊರು ನಕ್ಕಿತು. ಮರುದಿನ ಎರಡು ಟ್ರ್ಯಾಕ್ಟರ್ ಬೇವಿನ ಕೆಳಗೆ ಬಂದು ನಿಂತವು.

ಬೈದಾಡಿದರು, ಅಂಗಿ ಹರಿದುಕೊಂಡರು. ಕೊನೆಗೆ ಏದುಸಿರು ಬಿಡುತ್ತಾ ವೀರೇಶ ಎಂದ, "ಒಡದ ಬಿಡೋಣೇನ?"

"ಒಡಿ" ಎಂದ ಪ್ರಭು.

ಹುಟ್ಟುವಾಗ ತಿಂದ ಏಟು ಒಬ್ಬನದು, ಇದು ಇಬ್ಬರದೂ.

ಈಗ ನಾನು ಎರಡು ಕಡೆ ಇದ್ದೇನೆ. ದುಂಡು ತಳದ ಅರ್ಧ ಬಾನಿ ತಾನಾಗಿ ನಿಲ್ಲುವುದಿಲ್ಲ, ಒರಗಲು ಗೋಡೆ ಬೇಕು. ಒಡೆದ ಮಗ್ಗುಲು ಮಂದಿಗೆ ಕಾಣಬಾರದೆಂದು ಆಚೆಯವ ಆಚೆಯಿಂದ, ಈಚೆಯವ ಈಚೆಯಿಂದ ಅದೇ ನಡುಗೋಡೆಗೆ ನನ್ನನ್ನು ಆನಿಸಿ, ಚೆಂದಕ್ಕೆಂದು ಹರಳುಪ್ಪು ತುಂಬಿದ್ದಾರೆ.

ಈ ಮಳೆಗಾಲ ನಾನು ಎರಡೂ ಕಡೆ ಬೆವರಿದೆ. ಇಟ್ಟಂಗಿ ಗೋಡೆಯ ಬುಡದಲ್ಲಿ ಬೆಳ್ಳಗೆ ಹೂ ಬಿಟ್ಟಿದೆ. ಯಾರೂ ಇನ್ನೂ ನೋಡಿಲ್ಲ. ಫಕೀರವ್ವ ಹೇಳಲಿಲ್ಲ, ನಾನೂ ಹೇಳುವುದಿಲ್ಲ.