ಬೀಗು: ಮೂರನೆಯ ಅರ್ಥ

ಸ್ವೆಟರು, ಸ್ವೆಟರು ಅನ್ನುವ ಪದ ಇಲ್ಲೇಕೆ ಬಂತು, ಇದು ಬಕಾರದ ಪುಟ, ನಿಘಂಟಿನ ಕೊನೆಯ ಕರಡು, ಮಧ್ಯಾಹ್ನದೊಳಗೆ ಅಚ್ಚಿಗೆ ಹೋಗಬೇಕು, ಎಂದುಕೊಳ್ಳುತ್ತ ಅವಳು ಕನ್ನಡಕವನ್ನು ಮೇಲಕ್ಕೆ ತಳ್ಳಿ ಮತ್ತೆ ಓದಿದಳು — ಬೀಗು, ಒಂದು, ಊದಿಕೊಳ್ಳು. ಎರಡು, ಸಂತೋಷದಿಂದ ಹಿಗ್ಗು. ಮೂರು, ತನ್ನ ಬಗ್ಗೆ ತಾನೇ ತೃಪ್ತಿಪಟ್ಟು ಮೆರೆ, ಉದಾಹರಣೆ, ಹಳೆಯ ಸ್ವೆಟರೊಂದನ್ನು ಕೊಟ್ಟು ಅವಳು ಎಲ್ಲರೆದುರು ಬೀಗಿದಳು. ಅವಳು ಅಂದರೆ ಯಾರು, ನಾನೇ ತಾನೆ, ಇನ್ಯಾರು, ಬಕಾರವನ್ನೆಲ್ಲ ಜೋಡಿಸಿದವಳು ಗುಬ್ಬಿ, ಮೂರು ಮೇಜಿನಾಚೆ ಕೂತಿರುವ ಗುಬ್ಬಿ, ಹಕ್ಕಿ ಕುಕ್ಕಿದ ಹಾಗೆ ಊಟ ಮಾಡುತ್ತಾಳೆಂದು ಕಚೇರಿಯವರು ಇಟ್ಟ ಹೆಸರು, ಹದಿನಾರು ವರ್ಷದ ಹಿಂದೆ ಕೊರೆಯುವ ಚಳಿಯಲ್ಲಿ ತೆಳ್ಳನೆಯ ಬಟ್ಟೆಯುಟ್ಟು ಕೆಲಸಕ್ಕೆ ಸೇರಿದಳು, ಬೆರಳು ಸೆಟೆದು ಪೆನ್ನು ಹಿಡಿಯಲಾರಳು, ಮರುದಿನ ಹಸಿರು ಸ್ವೆಟರು ತಂದು ಕೊಟ್ಟದ್ದು ತಾನೇ, ಹಾಕ್ಕೋ ಹಾಕ್ಕೋ, ನಂದೇ, ಸಂಕೋಚ ಯಾಕೆ, ಗುಬ್ಬಿ ಒಂದೊಂದೇ ಗುಂಡಿ ಹಾಕಿಕೊಂಡಳು, ಕತ್ತಿನ ಗುಂಡಿ ಮಾತ್ರ ಕಾಜಾದೊಳಗೆ ಹೋಗುತ್ತಿಲ್ಲ, ಬೆರಳುಗಳು ತಡಕುತ್ತಿವೆ. ಅದನ್ನು ನೆನೆದಾಗಲೆಲ್ಲ ಎದೆ ತುಂಬುತ್ತಿತ್ತಲ್ಲ, ಅದು ಎರಡನೆಯ ಅರ್ಥವಲ್ಲವೇ, ಹಿಗ್ಗಿದ್ದು, ಬರೀ ಹಿಗ್ಗಿದ್ದು — ಆದರೆ ಚಳಿಗಾಲ ಬಂದಾಗಲೆಲ್ಲ ಆ ಕಥೆ ಹೇಳಿದ್ದೇನೆ, ಪಕ್ಕದ ಮನೆಯವರಿಗೆ, ತಂಗಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೂ, ಗಂಡ ನಗುತ್ತಿದ್ದರು, ಆ ಸ್ವೆಟರು ಅವಳಿಗಿಂತ ನಿನ್ನನ್ನೇ ಹೆಚ್ಚು ಬೆಚ್ಚಗಿಟ್ಟಿದೆ ಕಣೇ, ತಾನೂ ನಗುತ್ತಿದ್ದಳು, ಈಗ ನಗು ಬರುತ್ತಿಲ್ಲ. ಪದ ಮೊದಲು ಮೈಯದು, ಆಮೇಲೆ ಮನಸ್ಸಿಗೆ ಹತ್ತಿದ್ದು, ಪೆಟ್ಟು ಬಿದ್ದ ಕಾಲು ಬೀಗುತ್ತದೆ, ಬೀಗಿದ ಜಾಗ ಯಾರಾದರೂ ಮುಟ್ಟುವ ತನಕ ಸುಮ್ಮನಿರುತ್ತದೆ, ಗುಬ್ಬಿ ಮುಟ್ಟಿದ್ದಾಳೆ, ಇಷ್ಟು ವರ್ಷ ಅಕ್ಕ ಅಕ್ಕ ಅಂದವಳು ಒಳಗೆ ಇದನ್ನಿಟ್ಟುಕೊಂಡಿದ್ದಳೇ, ಅಚ್ಚಾದರೆ ಎಷ್ಟು ಕಾಲ ಎಷ್ಟು ಜನ ಓದುತ್ತಾರೆ, ಕೆಂಪು ಪೆನ್ಸಿಲ್ಲಿನಿಂದ ಒಂದು ಗೀಟು ಎಳೆದರೆ ಮುಗಿಯಿತು, ಕೇಳುವವರಿಲ್ಲ — ಫೋನು, ಅಚ್ಚಿನ ಮನೆಯವನು, ಮೇಡಂ, ಮಷೀನ್ ನಿಂತಿದೆ, ಪುಟ ಕಳಿಸ್ತೀರೋ, ಇಲ್ಲ ನಾವು ಚಾಪೆ ಹಾಸ್ಕೊಂಡು ಮಲಗೋದೋ, ಕಳಿಸ್ತೀನಪ್ಪ, ಒಂದೇ ಒಂದು ಸಾಲು ಉಳಿದಿದೆ.

ವಾಕ್ಯವನ್ನು ಮೊದಲು ಬರೆದಿಟ್ಟ ಮೂಲ ಚೀಟಿ ನೋಡದೆ ಉದಾಹರಣೆ ಹೊಡೆದುಹಾಕಬಾರದು, ಈ ನಿಯಮ ಮಾಡಿದವಳೂ ತಾನೇ, ಈಗ ತನ್ನ ಕಾಲಿಗೇ ತೊಡರುತ್ತಿದೆ, ಗುಬ್ಬೀ, ಬೀಗು ಮೂರನೇದರ ಚೀಟಿ ಕೊಡಮ್ಮ, ಗುಬ್ಬಿ ಡ್ರಾಯರು ಎಳೆದು ಹುಡುಕಿ ಎದ್ದು ಬರುತ್ತಿದ್ದಾಳೆ, ಬರುವ ದಾರಿಯಲ್ಲಿ ಕಿಟಕಿಯ ಪರದೆ ಎಳೆದಳು, ಪುಟದ ಮೇಲಿನ ಬಿಸಿಲು ಹೋಯಿತು, ಈ ಹೊತ್ತಿಗೆ ದಿನವೂ ಬಿಸಿಲು ಹೋಗುತ್ತದಲ್ಲ, ದಿನವೂ ಇವಳೇ ಎಳೆಯುತ್ತಾಳೆಯೇ, ಎಷ್ಟು ವರ್ಷದಿಂದ, ಒಂದು ದಿನವೂ ಬಾಯಿಬಿಟ್ಟು ಹೇಳಿಲ್ಲವಲ್ಲ. ತಗೊಳ್ಳಿ ಅಕ್ಕ, ನಿಮ್ಮದೇ ಚೀಟಿ, ವಾಕ್ಯ ಚುರುಕಾಗಿದೆ ಅಂತ ಹಾಗೇ ಇಟ್ಟೆ. ನನ್ನದೇ, ಹೌದು, ಬಲಕ್ಕೆ ವಾಲುವ ತನ್ನದೇ ಅಕ್ಷರ, ಕೆಳಗೆ ತಾರೀಖು, ಇಪ್ಪತ್ತನಾಲ್ಕು ವರ್ಷದ ಹಿಂದಿನದು, ಗುಬ್ಬಿ ಆಗಿನ್ನೂ ಶಾಲೆಯಲ್ಲಿ, ಹಾಗಾದರೆ ಈ ವಾಕ್ಯದ ಅವಳು ಅತ್ತಿಗೆ, ಅತ್ತಿಗೆಯೇ, ನೆಂಟರೆಲ್ಲ ಕೂತ ನಡುಮನೆಯಲ್ಲಿ ತಾನು ತೊಟ್ಟು ಬಿಟ್ಟ ಹಸಿರು ಸ್ವೆಟರನ್ನು ನನ್ನ ಕೈಗಿತ್ತು, ಹಾಕ್ಕೋ ಹಾಕ್ಕೋ, ನಂದೇ, ಸಂಕೋಚ ಯಾಕೆ, ಅಯ್ಯೋ, ಅದೇ ಮಾತು, ಅಕ್ಷರ ತಪ್ಪದೆ ಅದೇ ಮಾತು, ಮಾರನೆಯ ದಿನ ಕಚೇರಿಗೆ ಬಂದು ಹೊಟ್ಟೆಯುರಿಯಿಂದ ಬರೆದ ಚೀಟಿ ಇದು, ಸ್ವೆಟರು ಎಂಟು ವರ್ಷ ಪೆಟ್ಟಿಗೆಯ ತಳದಲ್ಲಿ ಬಿದ್ದಿತ್ತು, ಮೈಗೆ ತಾಗಿಸಲಿಲ್ಲ, ಆಮೇಲೆ ಒಂದು ದಿನ ತೆಗೆದು — ಗುಬ್ಬಿ, ಆ ಸ್ವೆಟರು ನಿನಗೆ ಬೆಚ್ಚಗಿತ್ತೇನೇ? ಇಷ್ಟು ವರ್ಷಕ್ಕೆ ಮೊದಲ ಸಲ ಕೇಳುತ್ತಿದ್ದೇನೆ. ಬೆಚ್ಚಗಿತ್ತು ಅಕ್ಕ, ಕತ್ತಿನ ಹತ್ರ ಸ್ವಲ್ಪ ಬಿಗಿ, ಅಷ್ಟೇ, ಗುಬ್ಬಿ ನಗುತ್ತ ಹೊರಟುಹೋದಳು, ಆ ನಗುವಿಗೆ ಏನರ್ಥ, ನಾನು ಬೀಗಿದ್ದು ಗೊತ್ತಿತ್ತೇ, ಗೊತ್ತಿದ್ದೂ ಚೀಟಿಯನ್ನು ಉಳಿಸಿದಳೇ, ಅಥವಾ ನಿಜಕ್ಕೂ ಬರೀ ವಾಕ್ಯ ನೋಡಿದಳೇ, ಕೇಳುವುದು ಹೇಗೆ, ಪೆನ್ಸಿಲ್ಲು ಸಾಲಿನ ಮೇಲೆಯೇ ನಿಂತಿದೆ, ಗೀಟಲ್ಲ, ಪಕ್ಕದಲ್ಲಿ ಇರಲಿ ಎಂದು ಬರೆದಳು, ಕೆಂಪಗೆ, ಇರಲಿ. ಆ ದಿನ ಗುಬ್ಬಿಯ ಮುಖ ಹೇಗಿತ್ತು, ನೆನಪಿಸಿಕೊ, ಸಂತೋಷವಿತ್ತೇ, ನಾಚಿಕೆಯಿತ್ತೇ, ಅಕ್ಕಪಕ್ಕದ ಮೇಜಿನವರೆಲ್ಲ ಕಾಣುತ್ತಾರೆ, ಒಬ್ಬೊಬ್ಬರೂ, ಯಾರು ತಲೆಯೆತ್ತಿ ನೋಡಿದರು, ಯಾರು ಮೆಚ್ಚಿ ತಲೆದೂಗಿದರು, ಎಲ್ಲ ಕಾಣುತ್ತದೆ, ಹಾಗಾದರೆ ತಾನು ನೋಡುತ್ತಿದ್ದದ್ದು ಅವರನ್ನು, ಗುಬ್ಬಿಯ ಮುಖವಿರಬೇಕಾದ ಕಡೆ ಏನೂ ಇಲ್ಲ, ಕತ್ತಿನ ತನಕ ಹಸಿರು, ಅಲ್ಲಿ ಚಳಿಗೆ ಸೆಟೆದ ಎರಡು ಬೆರಳು, ಒಂದು ಗುಂಡಿ, ಒಳಗೆ ಹೋಗದ ಗುಂಡಿ.